ಬೆರಳಿಗೆ ಸಿಕ್ಕ ಹೇಮಾವತಿ: ಸಕಲೇಶಪುರದಲ್ಲಿ ನಾಲ್ಕು ಶನಿವಾರ

ಇದನ್ನು ಬರೆಯಲು ಕೂತಾಗ ನನ್ನ ಮುಂದೆ ಮೂರು ನಕ್ಷೆಗಳಿವೆ. ಮೂರೂ ಹಾಸನ ಜಿಲ್ಲೆಯವು, ಕಣ್ಣು ಕಾಣದ ಮಕ್ಕಳು ಬೆರಳಲ್ಲಿ ಮುಟ್ಟಿ ತಿಳಿಯಲಿ ಅಂತ ಮಾಡಿದವು. ಮೊದಲನೆಯದರಲ್ಲಿ ಕಾಫಿ ಬೀಜ ಉದುರಿ ಅಂಟಿನ ಕಲೆ ಮಾತ್ರ ಉಳಿದಿದೆ. ಎರಡನೆಯದು ತೇವ ಹಿಡಿದ ಹಪ್ಪಳದ ಹಾಗೆ ಸೊಟ್ಟಗಾಗಿದೆ. ಮೂರನೆಯದನ್ನು ಆರನೇ ಕ್ಲಾಸಿನ ಒಬ್ಬ ಹುಡುಗಿ ಐದು ದಿನ ಮುಟ್ಟಿ ಮುಟ್ಟಿ ಅದರ ಅಂಚು ಮೆತ್ತಗಾಗಿದೆ. ಮೊದಲ ಎರಡನ್ನು ನಾನು ಎಸೆದಿಲ್ಲ. ಮುಂದಿನ ತರಬೇತಿಗೆ ಮೂರನ್ನೂ ತೆಗೆದುಕೊಂಡು ಹೋಗುತ್ತೇನೆ.

ನಾನು ವಿಶೇಷ ಅಗತ್ಯವುಳ್ಳ ಮಕ್ಕಳ ಜೊತೆ ಕೆಲಸ ಮಾಡುವ ಸಂಪನ್ಮೂಲ ಶಿಕ್ಷಕಿ. ಬಿಐಇಆರ್‌ಟಿ ಅಂದರೆ ಶಾಲೆಯವರಿಗೆ ಬೇಗ ಗೊತ್ತಾಗುತ್ತದೆ. ನಾನು ಒಂದು ಶಾಲೆಗೆ ಹೋಗಿ ಮಗುವಿನ ಜೊತೆ ಒಂದೆರಡು ಗಂಟೆ ಕೂರಬಹುದು. ಉಳಿದ ದಿನವೆಲ್ಲ ಆ ಮಗುವಿನ ಎದುರು ಇರುವವರು ತರಗತಿಯ ಮೇಷ್ಟ್ರು, ಮೇಡಂ. ಹಾಗಾಗಿ ನಾನೇ ಕೂತು ನಕ್ಷೆ ಮಾಡಿಕೊಟ್ಟರೆ ಒಂದು ನಕ್ಷೆ ಆಗುತ್ತದೆ, ಅಷ್ಟೆ. ಅವರ ಕೈಗೆ ಕೆಲಸ ಬಂದರೆ ಮುಂದಿನ ಪಾಠಕ್ಕೆ ಅವರೇ ಮಾಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. 1995ರ ಹಳೇ ಕಾಯ್ದೆಯಲ್ಲಿ ಇದ್ದದ್ದು 7. ಹೊಸ ಕಾಯ್ದೆಯ 17ನೇ ಸೆಕ್ಷನ್ನು ಶಿಕ್ಷಕರ ತರಬೇತಿಯನ್ನೂ ಹೇಳುತ್ತದೆ, ಮಕ್ಕಳಿಗೆ ಕಲಿಕಾ ಸಾಮಗ್ರಿ ಕೊಡುವುದನ್ನೂ ಹೇಳುತ್ತದೆ. ಈ ಎರಡೂ ಕೂಡುವುದು ಒಂದು ಮೇಜಿನ ಮೇಲೆ, ಕತ್ತರಿ ಅಂಟು ಹಿಡಿದು ಕೂತಾಗ. ನಾನು ಹಿಂದೆ ಕೊಟ್ಟ ತರಬೇತಿಗಳಲ್ಲಿ ಮಾತು ಜಾಸ್ತಿ, ಕೈಕೆಲಸ ಕಮ್ಮಿ ಇತ್ತು. ಈ ಸಲ ತಿರುಗಿಸಿದೆ.

ಹದಿನೆಂಟು ಜನ ಶಿಕ್ಷಕರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆಯಿಂದ ನಾಲ್ಕರವರೆಗೆ. ನಾಲ್ಕು ಶನಿವಾರ. ಒಂದೇ ನಿಯಮ ಇಟ್ಟೆ: ಶನಿವಾರ ಮಾಡಿದ್ದು ಸೋಮವಾರ ಒಂದು ಮಗುವಿನ ಕೈಗೆ ಹೋಗಬೇಕು, ಆ ಮಗು ಏನು ಹೇಳಿತು ಅನ್ನೋದು ಮುಂದಿನ ಶನಿವಾರ ವಾಪಸ್ ಬರಬೇಕು.

ಮೊದಲ ಶನಿವಾರ

ಇಂಥ ತರಬೇತಿಗಳಲ್ಲಿ ಶಿಕ್ಷಕರ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ರೂಢಿ ಇದೆ. ನಾನೂ ಮಾಡಿದ್ದೇನೆ. ಈಗ ಬಿಟ್ಟಿದ್ದೇನೆ. ಬಟ್ಟೆ ಕಟ್ಟಿಕೊಂಡವರಿಗೆ ಮೊದಲು ಬರುವುದು ಭಯ, ಆಮೇಲೆ ಬರುವುದು ಅಯ್ಯೋ ಪಾಪ ಅನ್ನೋ ಮರುಕ. ಹತ್ತು ವರ್ಷದಿಂದ ಬೆರಳಲ್ಲೇ ಲೋಕ ತಿಳಿದ ಮಗುವಿಗೆ ಆ ಭಯವೇ ಇಲ್ಲ. ಮರುಕ ಇಟ್ಟುಕೊಂಡು ಒಳ್ಳೆ ನಕ್ಷೆ ಮಾಡಲು ಆಗುವುದಿಲ್ಲ. ಅದರ ಬದಲು ಒಬ್ಬ ಸಮಾಜ ವಿಜ್ಞಾನದ ಮೇಷ್ಟ್ರನ್ನು ಕರೆದೆ. ಹುಟ್ಟಿನಿಂದ ಕಣ್ಣು ಕಾಣದವರು, ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ಅತಿಥಿಯಾಗಿ ಅಲ್ಲ, ನನ್ನ ಜೊತೆ ತರಬೇತುದಾರರಾಗಿ, ನಾಲ್ಕು ಶನಿವಾರಕ್ಕೂ.

ಮೊದಲ ಕೆಲಸಕ್ಕೆ ಜಿಲ್ಲೆಯ ನಕ್ಷೆಯನ್ನೇ ಆರಿಸಿದೆ. ಪಾಠದಲ್ಲಿ ಇರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ. ಊರಲ್ಲೇ ಸಿಗುವ ವಸ್ತು ತನ್ನಿ ಅಂತ ಹೇಳಿದ್ದೆ. ಬಂದದ್ದು ನೋಡಿ ಖುಷಿಯಾಯಿತು. ಟಿವಿ ಡಬ್ಬದ ರಟ್ಟು, ಗೋಣಿ ದಾರ, ಕಾಫಿ ಬೀಜ, ರಾಗಿ, ತೆಂಗಿನ ನಾರು, ಹಳೇ ಕ್ಯಾಲೆಂಡರು, ಮದುವೆ ಕಾರ್ಡು, ರಂಗೋಲಿ ಪುಡಿ, ಫೆವಿಕಾಲ್. ಒಬ್ಬ ಮೇಡಂ ಖಾಲಿ ಮೆಹಂದಿ ಕೋನ್‌ಗಳನ್ನು ಕಟ್ಟಿಕೊಂಡು ಬಂದಿದ್ದರು. ಅದರಲ್ಲಿ ಫೆವಿಕಾಲ್ ತುಂಬಿ ಎಳೆದರೆ ಗೆರೆ ಉಬ್ಬಿ ನಿಲ್ಲುತ್ತದೆ ಅಂತ ಅವರ ಲೆಕ್ಕ.

ಮೂರು ಗಂಟೆಯೊಳಗೆ ನಕ್ಷೆ ತಯಾರು. ನೋಡಲು ಬಲು ಚೆನ್ನಾಗಿತ್ತು. ಎಂಟು ತಾಲ್ಲೂಕಿಗೆ ಎಂಟು ಬಗೆಯ ತುಂಬು. ಸಕಲೇಶಪುರಕ್ಕೆ ಕಾಫಿ ಬೀಜ, ಹಾಸನಕ್ಕೆ ರಾಗಿ, ಅರಸೀಕೆರೆಗೆ ತೆಂಗಿನ ನಾರು, ಬೇಲೂರಿಗೆ ರವೆ, ಹೀಗೆ. ಗಡಿಗೂ ಗೋಣಿ ದಾರ, ಹೇಮಾವತಿಗೂ ಗೋಣಿ ದಾರ. ಹೊಳೆಗೆ ಮಾತ್ರ ನೀಲಿ ಬಣ್ಣ ಬಳಿದಿದ್ದರು.

ಆಮೇಲೆ ನಕ್ಷೆಯನ್ನು ಮೇಷ್ಟ್ರ ಮುಂದೆ ಇಟ್ಟೆವು. ಅವರು ಬೆರಳಿಂದ ಶುರು ಮಾಡಲಿಲ್ಲ. ಎರಡೂ ಅಂಗೈ ಅಗಲವಾಗಿ ಇಟ್ಟು ಮೇಲಿಂದ ಕೆಳಕ್ಕೆ ಒಮ್ಮೆ ಸವರಿದರು. ಕೋಣೆಯಲ್ಲಿ ಮಾತಿಲ್ಲ.

"ಮೇಡಂ, ಇದರಲ್ಲಿ ಮೇಲೆ ಯಾವುದು?"

ಯಾರೂ ಗುರುತು ಹಾಕಿರಲಿಲ್ಲ. ಅವರೇ ಹೇಳಿದರು, ಬಲಗಡೆ ಮೇಲಿನ ಮೂಲೆ ಕತ್ತರಿಸಿಬಿಡಿ ಸಾಕು. ಕತ್ತರಿಸಿದ ಮೂಲೆ ಬಲಗೈ ಮೇಲ್ಗಡೆ ಸಿಕ್ಕರೆ ಹಾಳೆ ಸರಿಯಾಗಿದೆ ಅಂತ ಗೊತ್ತಾಗುತ್ತದೆ. ಅರ್ಧ ನಿಮಿಷದ ಕೆಲಸ. ಅವತ್ತಿನಿಂದ ನಮ್ಮ ಎಲ್ಲ ಹಾಳೆಗೂ ಒಂದು ಮೂಲೆ ಇಲ್ಲ.

ಆಮೇಲೆ ತೋರುಬೆರಳು ಇಟ್ಟು ಹೊಳೆ ಹಿಡಿದು ಹೊರಟರು. ಮೂಡಿಗೆರೆ ಕಡೆಯಿಂದ ಬಂದು ಸಕಲೇಶಪುರ ದಾಟಿ, ಆಲೂರು ಪಕ್ಕ, ಗೊರೂರು, ಹೊಳೆನರಸೀಪುರ. ಅಲ್ಲಿವರೆಗೆ ಸರಿ. ಜಿಲ್ಲೆಯ ಅಂಚಿಗೆ ಬಂದಾಗ ಹೊಳೆಯ ದಾರವೂ ಗಡಿಯ ದಾರವೂ ಕೂಡಿಕೊಂಡವು. ಬೆರಳು ಗಡಿ ಹಿಡಿದು ಚನ್ನರಾಯಪಟ್ಟಣ ಸುತ್ತಿ ಅರಸೀಕೆರೆ ಕಡೆಗೆ ಹೋಯಿತು.

"ನಾನೀಗ ಹೊಳೆಯಲ್ಲಿದ್ದೀನಾ, ಗಡಿಯಲ್ಲಿದ್ದೀನಾ?"

ನೀಲಿ ಬಳಿದಿದ್ದ ಮೇಷ್ಟ್ರ ಮುಖ ಆಗ ನೋಡಬೇಕಿತ್ತು. ಬಣ್ಣ ಬೆರಳಿಗೆ ಸಿಗುವುದಿಲ್ಲ ಅನ್ನೋದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಕೈ ಬಳಿದುಬಿಟ್ಟಿತ್ತು. ನಾನು ಹತ್ತು ಸ್ಲೈಡ್ ತೋರಿಸಿದ್ದರೂ ಈ ಪ್ರಶ್ನೆಯಷ್ಟು ನಾಟುತ್ತಿರಲಿಲ್ಲ.

ರಾಗಿಗೂ ರವೆಗೂ ಬೆರಳಲ್ಲಿ ವ್ಯತ್ಯಾಸವೇ ಇಲ್ಲ ಅಂದರು. ಕಾಫಿ ಬೀಜ ಮುಟ್ಟಿ, "ಇದು ಬೆಟ್ಟಾನಾ?" ಅಂದರು. ಬೀಜ ಅಷ್ಟು ಎತ್ತರ ನಿಂತಿದ್ದಕ್ಕೆ ಪಕ್ಕದ ಗಡಿ ಮುಚ್ಚಿಹೋಗಿತ್ತು. ಎಂಟು ತುಂಬು ನೆನಪಿಟ್ಟುಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ಕಣ್ಣು ಇಡೀ ನಕ್ಷೆಯನ್ನು ಒಂದೇ ಸಲ ಹಿಡಿಯುತ್ತದೆ. ಬೆರಳು ಒಂದಾದ ಮೇಲೆ ಒಂದು ಹಿಡಿದು, ತಲೆಯೊಳಗೆ ಜೋಡಿಸಬೇಕು. ಹಾಗಾಗಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಎರಡನೇ ಶನಿವಾರ, ಮಳೆ

ಈ ಸಲ ಮೊದಲ ಅರ್ಧ ಗಂಟೆ ಯಾರಿಗೂ ಅಂಟು ಮುಟ್ಟಲು ಬಿಡಲಿಲ್ಲ. ಒಂದೇ ಪ್ರಶ್ನೆ: ಈ ನಕ್ಷೆಯಿಂದ ಮಗು ಏನು ತಿಳಿಯಬೇಕು? ಒಬ್ಬರು ತಾಲ್ಲೂಕು ಅಂದರು, ಒಬ್ಬರು ನದಿ, ಒಬ್ಬರು ಬೆಳೆ, ಒಬ್ಬರು ಹೊಯ್ಸಳರ ಜಾಗಗಳು. ಎಲ್ಲವೂ ಬೇಕು, ಆದರೆ ಒಂದೇ ಹಾಳೆಯಲ್ಲಿ ಬೇಡ. ಕೊನೆಗೆ ಮೊದಲ ಹಾಳೆಗೆ ಇಷ್ಟು ಉಳಿಸಿಕೊಂಡೆವು: ಜಿಲ್ಲೆಯ ಗಡಿ, ಹೇಮಾವತಿ, ಗೊರೂರು ಅಣೆಕಟ್ಟು, ಮಲೆನಾಡಿನಿಂದ ಬಯಲುಸೀಮೆಗೆ ಹೋಗುವ ಮೂರು ಪಟ್ಟಿ. ತಾಲ್ಲೂಕಿನ ಗಡಿ ಇನ್ನೊಂದು ಹಾಳೆಗೆ. ಯಗಚಿಯನ್ನು ಬಿಡಲು ಬೇಲೂರಿನ ಮೇಡಂಗೆ ಇಷ್ಟವಿರಲಿಲ್ಲ. ಅವರ ಊರಿನ ಹೊಳೆ ಅದು, ನನಗೂ ಅರ್ಥವಾಗುತ್ತದೆ. ಅವರಿಗೆ ನದಿಗಳ ಹಾಳೆ ಬೇರೆ ಮಾಡಲು ಹೇಳಿದೆ. ಮಾಡಿದರು ಕೂಡ.

ಗಡಿಗೆ ಗೋಣಿ ದಾರವೇ ಇರಲಿ ಅಂತಾಯಿತು. ಒರಟು, ಬೆರಳು ತಪ್ಪುವುದಿಲ್ಲ. ಹೊಳೆಗೆ ನುಣ್ಣಗಿರುವುದು ಬೇಕು. ಮನೆ ವೈರಿಂಗಿನಲ್ಲಿ ಉಳಿದ ಕರೆಂಟಿನ ವೈರ್ ತಂದಿದ್ದರು ಒಬ್ಬರು. ಮುಟ್ಟಿದರೆ ತಣ್ಣಗೆ, ಜಾರುತ್ತದೆ, ಬೇಕಾದ ಹಾಗೆ ಬಗ್ಗುತ್ತದೆ. ಆದರೆ ಫೆವಿಕಾಲಿಗೆ ಪ್ಲಾಸ್ಟಿಕ್ ಹಿಡಿಯುವುದಿಲ್ಲ. ಅಂಟಿಸಿದ್ದು ಅಂಟಿಸಿದ ಹಾಗೆ ಎದ್ದು ಬಂತು. ಕೊನೆಗೆ ದಬ್ಬಳ ತಂದು ರಟ್ಟಿಗೆ ತೂತು ಹಾಕಿ, ಎರಡೆರಡು ಸೆಂಟಿಮೀಟರಿಗೆ ಒಂದು ಹೊಲಿಗೆ ಹಾಕಿ ಹೊಲಿದೆವು. ಹೊಲಿಗೆಯ ದಾರ ತೆಳ್ಳಗಿರಲಿ. ಮೊದಲು ದಪ್ಪ ದಾರ ಹಾಕಿ ಹೊಳೆಯ ಉದ್ದಕ್ಕೂ ಗಂಟು ಗಂಟು ಸಿಕ್ಕು, ಸೇತುವೆ ಇಷ್ಟೊಂದಾ ಅಂತ ಮೇಷ್ಟ್ರು ಕೇಳಿದರು. ಬಿಚ್ಚಿ ಮತ್ತೆ ಹೊಲಿದೆವು.

ಮೆಹಂದಿ ಕೋನಿನ ವಿಷಯ. ಮೊದಲ ವಾರ ಎಳೆದ ಗೆರೆ ಒಣಗಿದ ಮೇಲೆ ಚಪ್ಪಟೆಯಾಗಿ, ವಾರ್ನಿಷ್ ಬಳಿದ ಹಾಗೆ ಕೂತಿತ್ತು. ಫೆವಿಕಾಲಿನಲ್ಲಿ ನೀರಿರುತ್ತದೆ. ನೀರು ಆರಿದರೆ ಗೆರೆ ಕುಗ್ಗುತ್ತದೆ. ಎರಡನೇ ವಾರ ಇನ್ನೂ ಕಷ್ಟ. ಸಕಲೇಶಪುರದ ಮಳೆ ಗೊತ್ತಲ್ವಾ, ಗೋಡೆಯೇ ಬೆವರುತ್ತಿರುತ್ತದೆ. ಎರಡು ದಿನವಾದರೂ ಅಂಟು ಒಣಗದೆ ರಟ್ಟು ತೇವ ಕುಡಿದು ಬಾಗಿತು. ಇದೇ ಆ ಎರಡನೇ ನಕ್ಷೆ.

ಇದಕ್ಕೆ ದಾರಿ ಸಿಕ್ಕಿದ್ದು ರಂಗೋಲಿ ಪುಡಿಯಿಂದ. ಆ ಮೇಡಂ ಛಲ ಬಿಡಲಿಲ್ಲ. ಒಂದು ಚಮಚ ಫೆವಿಕಾಲಿಗೆ ಎರಡು ಚಮಚ ಜರಡಿ ಹಿಡಿದ ರಂಗೋಲಿ ಪುಡಿ. ಇಡ್ಲಿ ಹಿಟ್ಟಿನ ಹದಕ್ಕೆ ಕಲಸಬೇಕು. ಚಮಚ ಎತ್ತಿದರೆ ಹರಿಯಬಾರದು, ನಿಧಾನ ಬೀಳಬೇಕು. ಕೋನಿನ ತುದಿ ಎರಡು ಮಿಲಿಮೀಟರ್ ಅಗಲ ಕತ್ತರಿಸಿದರೆ ಸರಿ, ಅದಕ್ಕಿಂತ ಸಣ್ಣಗಾದರೆ ಪುಡಿ ಸಿಕ್ಕಿಕೊಳ್ಳುತ್ತದೆ. ನೀರಿನ ಪಾಲು ಕಡಿಮೆಯಾದ್ದರಿಂದ ಬೇಗ ಗಟ್ಟಿಯಾಯಿತು, ಕುಗ್ಗಿದ್ದೂ ಕಡಿಮೆ. ಅಡುಗೆಮನೆ ಅಟ್ಟದ ಮೇಲೆ ಒಂದು ರಾತ್ರಿ ಇಟ್ಟರು, ಬೆಳಗ್ಗೆ ಕಲ್ಲು. ಅದೇ ಮಿಶ್ರಣದಲ್ಲಿ ಹಳೇಬೀಡಿನ ದೇವಸ್ಥಾನದ ನಕ್ಷತ್ರಾಕಾರದ ಜಗತಿಯ, ಅಂದರೆ ದೇವಸ್ಥಾನ ನಿಂತಿರುವ ಕಟ್ಟೆಯ, ಆಕಾರ ಎಳೆದರು. ಅದರ ಮೂಲೆ ಮೂಲೆಗೂ ಬೆರಳು ಹೋಗಿ ಬರುತ್ತದೆ. ಹೊಯ್ಸಳರ ಶಿಲ್ಪದ ಬಗ್ಗೆ ಪುಟಗಟ್ಟಲೆ ಓದಿಸಿದರೂ ನಕ್ಷತ್ರ ಅಂದರೆ ಏನು ಅಂತ ಕಾಣದ ಮಗುವಿಗೆ ಹೇಗೆ ತಿಳಿಯಬೇಕು? ಇದರಲ್ಲಿ ತಿಳಿಯಿತು.

ಮೂರು ಪಟ್ಟಿಗೆ ತುಂಬು ಹೀಗೆ ನಿಂತಿತು. ಮಲೆನಾಡಿಗೆ ರಟ್ಟಿನ ಮೇಲಿನ ಕಾಗದ ಸುಲಿದಾಗ ಸಿಗುವ ಏಣು. ತೆಂಗಿನ ಸೀಮೆಗೆ ಗೋಣಿಚೀಲದ ತುಂಡು. ನಡುವಿನ ಪಟ್ಟಿಗೆ ಏನೂ ಇಲ್ಲ, ನುಣ್ಣನೆ ಖಾಲಿ ಕಾಗದ. ಖಾಲಿಯೂ ಒಂದು ಗುರುತು ಅಂತ ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮರಳು ಕಾಗದ ಬೇಡ ಅಂತ ನಾನೇ ತಡೆದೆ. ಒರಟು ಮರಳು ಕಾಗದ ಸವರಿದ ಬೆರಳು ಜೋಮು ಹಿಡಿದ ಹಾಗಾಗಿ ಆಮೇಲೆ ಬ್ರೈಲ್ ಚುಕ್ಕೆ ಸರಿಯಾಗಿ ಸಿಗುವುದಿಲ್ಲ.

ಕಾಫಿ ಬೀಜ, ರಾಗಿ, ಕೊಬ್ಬರಿ ಚೂರನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ, ನನಗೂ. ಅವನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ನಕ್ಷೆಯ ಜೊತೆ ಇಟ್ಟೆವು. ಏಣಿನ ಪಟ್ಟಿ ಮುಟ್ಟಿದ ಮಗು ಅದೇ ಏಣು ಅಂಟಿಸಿದ ಪೊಟ್ಟಣ ಹುಡುಕಿ, ತೆರೆದು, ಮೂಸಬಹುದು. ಅಂಟಿಸಿದ ಧಾನ್ಯಕ್ಕೆ ಹುಳ ಹಿಡಿಯುತ್ತದೆ, ಇಲಿ ಬರುತ್ತದೆ. ಪೊಟ್ಟಣದಲ್ಲಿದ್ದರೆ ಬದಲಾಯಿಸುವುದು ಸುಲಭ.

ಬ್ರೈಲ್ ಹೆಸರುಪಟ್ಟಿಗೆ ಮದುವೆ ಕಾರ್ಡು ಆಗಲಿಲ್ಲ. ತುಂಬಾ ದಪ್ಪ. ಬ್ರೈಲ್ ಚುಚ್ಚುವ ಮೊಳೆ, ಸ್ಟೈಲಸ್, ಒತ್ತಿದರೆ ಚುಕ್ಕೆ ಏಳುವ ಬದಲು ಹರಿಯುತ್ತದೆ. ಗೋಡೆ ಕ್ಯಾಲೆಂಡರಿನ ಹಾಳೆ ಹೇಳಿ ಮಾಡಿಸಿದ ಹಾಗಿತ್ತು. ಕನ್ನಡ ಬ್ರೈಲ್ ಇರುವುದು 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್ ಪದ್ಧತಿಯಲ್ಲಿ. ಅದರಲ್ಲಿ ಕಾಗುಣಿತದ ಕೊಂಬು, ಇಳಿ, ದೀರ್ಘ ಬೇರೆ ಇಲ್ಲ. ಹಾ ಬರೆಯಬೇಕಾದರೆ ಹ ಆದ ಮೇಲೆ ಆ ಬರೆಯಬೇಕು. ಹಾಸನ ಅಂದರೆ ಹ, ಆ, ಸ, ನ, ನಾಲ್ಕು ಸೆಲ್. ಸೆಲ್ ಅಂದರೆ ಆರು ಚುಕ್ಕೆಯ ಒಂದು ಮನೆ. ಒತ್ತಕ್ಷರ ಕೆಳಗೆ ಹೋಗುವುದಿಲ್ಲ, ಎಲ್ಲ ಒಂದೇ ಸಾಲು. 4ನೇ ಚುಕ್ಕೆ ಅಕ್ಷರಕ್ಕಿಂತ ಮೊದಲು ಬಂದು ನಿಂತರೆ ಒತ್ತು ಅಂತ ಅರ್ಥ. ಬ್ರೈಲ್ ಸ್ಲೇಟಿನಲ್ಲಿ, ಅಂದರೆ ಕಾಗದ ಸಿಕ್ಕಿಸಿ ಚುಚ್ಚುವ ಚೌಕಟ್ಟಿನಲ್ಲಿ, ಬರೆಯುವಾಗ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಾಣುವ ಹಾಗೆ ಚುಚ್ಚಿ, ತಿರುಗಿಸಿ ಎಡದಿಂದ ಓದಬೇಕು. ಹದಿನೆಂಟು ಜನವೂ ಅವರವರ ಊರಿನ ಹೆಸರು ಚುಚ್ಚಿದರು. ಮೇಷ್ಟ್ರು ಒಂದೊಂದೇ ಓದಿ ಹೇಳುವಾಗ ತರಗತಿಯ ಮಕ್ಕಳ ಹಾಗೆ ಸುತ್ತ ನಿಂತಿದ್ದರು.

ಸಕಲೇಶಪುರ ಅಂತ ಪೂರ್ತಿ ಬರೆದರೆ 8 ಸೆಲ್ ಆಗುತ್ತದೆ. ಒಂದು ಸೆಲ್ಲಿಗೆ ಸುಮಾರು 6 ಮಿಲಿಮೀಟರ್. ಹತ್ತಿರ ಹತ್ತಿರ 5 ಸೆಂಟಿಮೀಟರ್. ಎ3 ಹಾಳೆಯ ನಕ್ಷೆಯಲ್ಲಿ ಊರಿನ ಹೆಸರೇ ಆ ಜಾಗವನ್ನೆಲ್ಲ ನುಂಗುತ್ತದೆ. ಅದಕ್ಕೆ ನಕ್ಷೆಯ ಮೇಲೆ ಸ ಅಂತ ಒಂದೇ ಅಕ್ಷರ, ಪೂರ್ತಿ ಹೆಸರು ಪಕ್ಕದ ಹಾಳೆಯಲ್ಲಿ.

ಮೂರನೇ ಶನಿವಾರ, ಪ್ರಶ್ನೆಪತ್ರಿಕೆ

ನಕ್ಷೆ ಕಣ್ಣಿಗೆ ಕಾಣುವ ಕೆಲಸ, ಎಲ್ಲರೂ ಉತ್ಸಾಹದಿಂದ ಮಾಡುತ್ತಾರೆ. ನನ್ನ ಅನುಭವದಲ್ಲಿ ಮಕ್ಕಳಿಗೆ ದಿನಾ ಅಡ್ಡ ಬರುವುದು ಇದಲ್ಲ. ಟೈಪು ಮಾಡಿದ ಹಾಳೆ.

ಒಬ್ಬ ಮೇಷ್ಟ್ರು ತಮ್ಮ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಪೆನ್‌ಡ್ರೈವಿನಲ್ಲಿ ತಂದಿದ್ದರು. ನೀಟಾಗಿತ್ತು. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಹಾಕಿದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಶುರು ಮಾಡಿದ್ದು, ಇವತ್ತಿಗೂ ಉಚಿತ. ಜೊತೆಗೆ ಬರುವ ಇಸ್ಪೀಕ್ ಧ್ವನಿಯಲ್ಲಿ ಕನ್ನಡ ಇದೆ. ಧ್ವನಿ ಯಂತ್ರದ್ದೇ, ಆದರೆ ಅಭ್ಯಾಸವಾದ ಮಕ್ಕಳು ಅದನ್ನು ನಮಗೆ ಅರ್ಥವೇ ಆಗದಷ್ಟು ವೇಗವಾಗಿ ಓಡಿಸಿ ಕೇಳುತ್ತಾರೆ.

ಅದು ಓದಲು ಶುರು ಮಾಡಿತು. ಪಿ, ಪೌಂಡ್, ಕ್ಯೂ. ಕನ್ನಡದ ಒಂದು ಪದವೂ ಇಲ್ಲ.

ಕಾರಣ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕು. ಹಳೇ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದಾಗ ಪರದೆಯ ಮೇಲೆ ಕಾಣುವುದು ಕನ್ನಡ, ಫೈಲಿನೊಳಗೆ ಕೂತಿರುವುದು ಇಂಗ್ಲಿಷ್ ಸಂಕೇತಗಳು. ಕನ್ನಡ ಟೈಪು ಮಾಡುವ ನುಡಿ ತಂತ್ರಾಂಶದ ಆಸ್ಕಿಯಲ್ಲಿ ಕನ್ನಡ ಅನ್ನೋ ಪದದ ಒಳಗಿರುವುದು ದೊಡ್ಡ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಚಿಹ್ನೆ, ಹೀಗೆ ಒಂದು ಸಾಲು. ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಕಣ್ಣಿಗೆ ಅಂಗಿ ಸಾಕು. ಓದುವ ಯಂತ್ರಕ್ಕೆ ಒಳಗಿರುವುದೇ ಮುಖ್ಯ. ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಅದು ಬೇಕಿತ್ತು, ಅದರಿಂದ ನಮಗೆ ಆದ ಉಪಕಾರ ಸಣ್ಣದಲ್ಲ. ಈಗ ಯೂನಿಕೋಡ್ ಇದೆ, ಅದರಲ್ಲಿ ಫೈಲಿನೊಳಗೂ ಕನ್ನಡವೇ ಇರುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ಬೆರಳಿಗೆ ಅಭ್ಯಾಸವಾದದ್ದೇ. ಹೊಸದೇನೂ ಕಲಿಯಬೇಕಿಲ್ಲ.

ಹಳೇ ಫೈಲನ್ನು ಬದಲಾಯಿಸಲು ಉಚಿತ ಪರಿವರ್ತಕಗಳಿವೆ. ಹಾಕಿದೆವು. ಕನ್ನಡ ಸರಿಯಾಗಿ ಬಂತು. ಆದರೆ ಪತ್ರಿಕೆಯ ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡ ಅಂತ ತಿಳಿದು ಅವನ್ನೂ ಬದಲಾಯಿಸಿಬಿಟ್ಟಿತು. ಉಪ್ಪಿನ ರಾಸಾಯನಿಕ ಸೂತ್ರ ಇದ್ದ ಕಡೆ ಅರ್ಥವಿಲ್ಲದ ಕನ್ನಡ ಅಕ್ಷರ. ಇದು ಯಾವಾಗಲೂ ಆಗುತ್ತದೆ. ಇಂಗ್ಲಿಷ್ ಇರುವ ಕಡೆ ಮೊದಲೇ ಗುರುತು ಹಾಕಿಕೊಂಡು, ಕನ್ನಡದ ಭಾಗ ಮಾತ್ರ ಬದಲಾಯಿಸಿ, ಆಮೇಲೆ ಒಮ್ಮೆ ಪೂರ್ತಿ ಓದಲೇಬೇಕು. ಬೇರೆ ದಾರಿ ಇಲ್ಲ.

ಅಕ್ಷರ ಸರಿಯಾದ ಮೇಲೆ ಕಿವಿಯಿಂದ ಪತ್ರಿಕೆ ಕೇಳಿದೆವು. ಯಾರೂ ಪರದೆ ನೋಡಬೇಡಿ ಅಂತ ಲ್ಯಾಪ್‌ಟಾಪ್ ತಿರುಗಿಸಿಟ್ಟೆ. ಬಿಟ್ಟ ಸ್ಥಳ ತುಂಬಿರಿ ಬಂತು. ಗೆರೆ ಎಳೆದ ಜಾಗವನ್ನು ಅದು ಸುಮ್ನೆ ದಾಟಿಬಿಟ್ಟಿತು. "ಹೇಮಾವತಿ ಅಣೆಕಟ್ಟು ಇರುವ ಊರು." ಮುಗಿಯಿತು. ಪ್ರಶ್ನೆಯೋ ಹೇಳಿಕೆಯೋ ಗೊತ್ತಾಗಲಿಲ್ಲ. ಅಲ್ಲಿ ಖಾಲಿ ಜಾಗ ಅಂತ ಅಕ್ಷರದಲ್ಲಿ ಬರೆದೆವು. ಹೊಂದಿಸಿ ಬರೆಯಿರಿ ಇನ್ನೂ ಕಷ್ಟ. ಸ್ಪೇಸ್ ಒತ್ತಿ ಒತ್ತಿ ಎರಡು ಪಟ್ಟಿ ಮಾಡಿದ್ದರು. ಯಂತ್ರ ಅಡ್ಡಲಾಗಿ ಓದುತ್ತದೆ: ಬೇಲೂರು ಕಾವೇರಿ, ಗೊರೂರು ಚೆನ್ನಕೇಶವ, ಹೇಮಾವತಿ 1979. ಕೇಳಿದ ಮಗುವಿಗೆ ಅದೇ ಉತ್ತರ ಅನ್ನಿಸುತ್ತದೆ! ಮೊದಲು ಅ ಪಟ್ಟಿ ಪೂರ್ತಿ, ಆಮೇಲೆ ಆ ಪಟ್ಟಿ ಪೂರ್ತಿ, ನಂಬರ್ ಹಾಕಿ ಒಂದರ ಕೆಳಗೆ ಒಂದು ಬರೆದ ಮೇಲೆ ಸರಿಹೋಯಿತು. ಕೆಂಪು ಅಕ್ಷರದಲ್ಲಿರುವ ಪದಕ್ಕೆ ಅರ್ಥ ಬರೆಯಿರಿ ಅನ್ನೋದಕ್ಕೆ ಪದವನ್ನೇ ಹೇಳಿದೆವು. ಇದು ಕಣ್ಣು ಕಾಣದವರಿಗೆ ಮಾತ್ರ ಅಲ್ಲ. ಕೆಂಪು ಹಸಿರು ವ್ಯತ್ಯಾಸ ಗೊತ್ತಾಗದ ಹುಡುಗರು ಎಷ್ಟೋ ಶಾಲೆಗಳಲ್ಲಿ ಇರುತ್ತಾರೆ, ಅವರಿಗೇ ಅದು ಗೊತ್ತಿರುವುದಿಲ್ಲ.

ಚಿತ್ರ ನೋಡಿ ಉತ್ತರಿಸಿ ಅನ್ನೋ ಪ್ರಶ್ನೆಗೆ ಚಿತ್ರದ ವಿವರಣೆ ಬರೆಯಲು ಕೊಟ್ಟೆ. ಮೊದಲು ಬಂದದ್ದು: "ಅಣೆಕಟ್ಟಿನ ಚಿತ್ರ." ಎರಡನೇ ಸಲ ಆಕಾಶದ ಬಣ್ಣ, ಮರ, ದನ ಎಲ್ಲ ಸೇರಿ ಒಂದು ಪುಟ. ಮೂರನೇ ಸಲ ಪ್ರಶ್ನೆಯನ್ನೇ ಪಕ್ಕದಲ್ಲಿಟ್ಟುಕೊಂಡು ಬರೆದರು. ಪ್ರಶ್ನೆ ನೀರಾವರಿಯ ಬಗ್ಗೆ ಇತ್ತು. "ಅಣೆಕಟ್ಟಿನ ಬಲಭಾಗದಿಂದ ಒಂದು ಕಾಲುವೆ ಹೊರಟು ಗದ್ದೆಗಳ ನಡುವೆ ಹೋಗುತ್ತಿದೆ. ಕಾಲುವೆಯ ಎರಡೂ ಕಡೆ ಹಸಿರು ಗದ್ದೆ ಇದೆ, ಮೇಲಿನ ದಿಬ್ಬ ಒಣಗಿದೆ." ಇಷ್ಟೇ ಬೇಕಿತ್ತು. ಉತ್ತರವನ್ನು ವಿವರಣೆಯಲ್ಲೇ ಹೇಳಿಬಿಡಬಾರದು, ಅದೊಂದು ಎಚ್ಚರ ಇಟ್ಟುಕೊಳ್ಳಬೇಕು.

ಪುಸ್ತಕದ ಪಾಠವನ್ನೇ ಹೀಗೆ ಟೈಪು ಮಾಡಿ ಕೊಟ್ಟರೆ ಕಾಪಿರೈಟ್ ತೊಂದರೆ ಆಗುವುದಿಲ್ಲವಾ ಅಂತ ಒಬ್ಬ ಮೇಡಂ ಕೇಳಿದರು. ಒಳ್ಳೆ ಪ್ರಶ್ನೆ. 2012ರ ತಿದ್ದುಪಡಿಯಿಂದ ನಮ್ಮ ಕಾಪಿರೈಟ್ ಕಾಯ್ದೆಯಲ್ಲೇ ವಿಕಲಚೇತನರ ಬಳಕೆಗಾಗಿ ಬೇರೆ ರೂಪದಲ್ಲಿ ಮಾಡಿಕೊಳ್ಳಲು ಅವಕಾಶ ಇದೆ, ಲಾಭಕ್ಕೆ ಮಾಡಬಾರದು. ಇದೇ ವಿಷಯದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ ದೇಶ ಭಾರತ. ಇದನ್ನು ಹೇಳಿದಾಗ ಅವರ ಮುಖದ ಮೇಲಿನ ಅಳುಕು ಹೋಯಿತು.

ಮಂದ ದೃಷ್ಟಿಯ ಮಕ್ಕಳಿಗೆ ಎ4 ಹಾಳೆಯನ್ನು ಎ3ಗೆ ಝೆರಾಕ್ಸ್ ಹಿಗ್ಗಿಸಿ ಕೊಡುವ ಅಭ್ಯಾಸ ಇದೆ. ಅದು 141 ಪರ್ಸೆಂಟ್. 12 ಪಾಯಿಂಟ್ ಅಕ್ಷರ 17 ಆಗುತ್ತದೆ. ಇಂಗ್ಲಿಷಿಗೆ ಸಾಲಬಹುದು. ಕನ್ನಡದಲ್ಲಿ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಸಣ್ಣದು. ಎಂಟನೇ ಕ್ಲಾಸಿನ ಒಬ್ಬ ಹುಡುಗ ಅಕ್ಕ ಅನ್ನೋದನ್ನು ಅಕ್ತ ಅಂತ ಓದುತ್ತಿದ್ದ. ಅವನಿಗೆ ಓದಲು ಬರುವುದಿಲ್ಲ ಅಂತ ಎಲ್ಲರೂ ತಿಳಿದಿದ್ದರು. 24 ಪಾಯಿಂಟಿನಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು, ಹೊಳಪಿಲ್ಲದ ಕಾಗದದಲ್ಲಿ ಕೊಟ್ಟಾಗ ಪೂರ್ತಿ ಪ್ಯಾರಾ ಓದಿದ. ನಂಬರಿಗಿಂತ ಒತ್ತು ಕಾಣುತ್ತದಾ ಅಂತ ಮಗುವನ್ನು ಕೇಳುವುದೇ ಸರಿಯಾದ ಅಳತೆ.

ಕಿವಿ ಕೇಳದ ಮಕ್ಕಳು, ಬರೆಯಲು ಕೈ ಬಾರದ ಮಕ್ಕಳ ಬಗ್ಗೆ ಅವತ್ತು ಜಾಸ್ತಿ ಹೊತ್ತು ಸಿಗಲಿಲ್ಲ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ, ತೋರಿಸುವ ವಿಡಿಯೋದ ಮಾತನ್ನು ಮೊದಲೇ ಬರೆದು ಕೊಡಿ ಅಂತ ಹೇಳಿದೆ. ಪೆನ್ಸಿಲಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿತ ದಪ್ಪ ಮಾಡುವುದನ್ನು ತೋರಿಸಿದೆ. ಅದಕ್ಕೆ ಬೇರೆಯೇ ನಾಲ್ಕು ಶನಿವಾರ ಬೇಕು.

ನಾಲ್ಕನೇ ಶನಿವಾರ

ಆರನೇ ಕ್ಲಾಸಿನ ಹುಡುಗಿ ಅಪ್ಪನ ಜೊತೆ ಬಂದಳು. ಮೂರನೇ ನಕ್ಷೆ ಅವಳ ಹತ್ತಿರ ಐದು ದಿನ ಇತ್ತು. ಹದಿನೆಂಟು ಜನ ದೊಡ್ಡವರ ಎದುರು ಮಾತಾಡಲು ಮೊದಲು ನಾಚಿದಳು. ಮೇಷ್ಟ್ರು ಪಕ್ಕದಲ್ಲಿ ಕೂತು, "ಏನ್ ಸರಿಯಿಲ್ಲ ಹೇಳು ಪುಟ್ಟಿ, ಇವರೆಲ್ಲ ಬರ್ಕೊಳ್ತಾರೆ" ಅಂದರು. ಆಮೇಲೆ ಹೇಳಿದಳು.

ಗೋಣಿಚೀಲದ ಎಳೆ ಅವಳ ಬಳೆಗೆ ಸಿಕ್ಕಿಕೊಳ್ಳುತ್ತದೆ. ಅಂಚನ್ನು ಅಂಟಿನಿಂದ ಮುಚ್ಚಬೇಕು. ಅಣೆಕಟ್ಟಿಗೆ ಹಾಕಿದ ಗುಂಡಿ ಸಣ್ಣದು, ಹೊಲಿಗೆ ಅಂದುಕೊಂಡಿದ್ದಳು. ಶರ್ಟಿನ ಗುಂಡಿ ತೆಗೆದು ಕೋಟಿನ ಗುಂಡಿ ಹಾಕಿದೆವು. ಸ ಅಕ್ಷರದ ಕಾಗದ ಹೊಳೆಗೆ ತುಂಬಾ ಹತ್ತಿರ ಇತ್ತು, ಬೆರಳು ತಾಗಿ ಎದ್ದುಬಂದಿತ್ತು. ಅಕ್ಷರಕ್ಕೂ ಗೆರೆಗೂ ನಡುವೆ ಕಡಿಮೆ ಅಂದರೂ ಮೂರು ಮಿಲಿಮೀಟರ್ ಬಿಡಬೇಕು ಅಂತ ನನಗೆ ಗೊತ್ತಿತ್ತು. ಅಂಟಿಸುವಾಗ ನಾನು ನೋಡಿರಲಿಲ್ಲ. ಮೂರೂ ತಿದ್ದುಪಡಿ ಅವಳ ಎದುರೇ ಮಾಡಿದರು. ಒಬ್ಬೊಬ್ಬರು ಮಾಡಿ ಅವಳ ಕೈಗೆ ಕೊಟ್ಟು, "ಈಗ?" ಅಂತ ಕೇಳುತ್ತಿದ್ದರು. ಮೊದಲ ವಾರ ನನ್ನ ಮುಖ ನೋಡುತ್ತಿದ್ದವರು ಅವರು. ಅವತ್ತು ಯಾರೂ ನನ್ನನ್ನು ಕೇಳಲಿಲ್ಲ.

ಚೆನ್ನಾಗಿರುವುದನ್ನೂ ಹೇಳಿದಳು. ಕಾಫಿ ಬೀಜದ ಪೊಟ್ಟಣ ಮೂಸಿ, ಇದು ನಮ್ಮ ಮನೆ ಕಡೆ ಅಂತ ಗೊತ್ತಾಯ್ತು ಅಂದಳು. ಅವಳ ತರಗತಿಯ ಉಳಿದ ಮಕ್ಕಳೂ ಬಿಡುವಿನಲ್ಲಿ ಬಂದು ಕಣ್ಣು ಮುಚ್ಚಿ ಹೊಳೆ ಹಿಡಿಯುತ್ತಾರಂತೆ. ಅವರಿಗೆ ಅವಳೇ ದಾರಿ ಹೇಳಿಕೊಡುತ್ತಾಳಂತೆ.

ಕೊನೆಗೆ ಎಲ್ಲರಿಗೂ ತೋರಿಸುತ್ತೇನೆ ಅಂತ ವೈರಿನ ಮೇಲೆ ಬೆರಳಿಟ್ಟಳು. ಸಕಲೇಶಪುರ ದಾಟಿದಳು. ಏಣು ಮುಗಿದು ನುಣ್ಣಗಾದದ್ದನ್ನು ಎಡಗೈಯಲ್ಲಿ ನೋಡಿಕೊಂಡಳು. ಹೊಸ ಗುಂಡಿ ಸಿಕ್ಕಿತು, ಗೊರೂರು ಅಂದಳು. ಹೊಳೆನರಸೀಪುರ ದಾಟಿ ಬೆರಳು ಗಡಿಯ ಗೋಣಿ ದಾರಕ್ಕೆ ಬಂದು ನಿಂತಿತು. ಈ ಸಲ ಗಡಿಯ ಮೇಲೆ ಹೋಗಲಿಲ್ಲ.

"ಮಿಸ್, ಇಲ್ಲಿಗೆ ಹೊಳೆ ನಿಲ್ಲಲ್ಲ ಅಲ್ವಾ? ಮುಂದೆ ಎಲ್ಲಿಗ್ ಹೋಗುತ್ತೆ?"

ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ ಅಂತ ಮೇಷ್ಟ್ರು ಹೇಳಿದರು. ಅದು ಎಷ್ಟು ದೂರ ಅಂತ ಕೇಳಿದಳು. ಮಾತಲ್ಲಿ ಹೇಳುವ ಬದಲು ಬೇಲೂರಿನ ಮೇಡಂ ಡಬ್ಬದಿಂದ ಇನ್ನೊಂದು ರಟ್ಟು ತೆಗೆದು ಈ ನಕ್ಷೆಯ ಪಕ್ಕ ಇಟ್ಟು, ಅಳತೆ ಗುರುತು ಹಾಕತೊಡಗಿದರು. ವೈರಿನ ಸುರುಳಿ ಇನ್ನೂ ಒಂದೂವರೆ ಮೀಟರ್ ಉಳಿದಿತ್ತು.